ಸೊನ್ನೆಯಲ್ಲದ ಸೊನ್ನೆ

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಮಳೆ ಜೋರಾಗಿತ್ತು. ನನ್ನ ತಂಗಿಯ ಮಗ ಅರ್ಧ ಗಂಟೆ ಕಾದು, ಮಳೆ ತುಸು ತಗ್ಗಿದ ಮೇಲೆ ತನ್ನ ಬ್ಯಾಟರಿ ಸ್ಕೂಟರ್ ಹತ್ತಿ ದಿಲ್‌ಸುಖ್‌ನಗರದ ಕಡೆ ಹೊರಟ. ಚಾದರ್‌ಘಾಟಿನಲ್ಲಿ ಮೂಸಿ ನದಿ ದಾಟಿ ಮಲಕ್‌ಪೇಟೆಯ ರೈಲು ಸೇತುವೆಯ ಕೆಳಗೆ ಬಂದರೆ ಅಲ್ಲಿ ನೀರು ನಿಂತಿತ್ತು. ಹೈದರಾಬಾದಿನಲ್ಲಿ ನಾಲ್ಕು ಮಳೆಗಾಲ ಕಂಡವರಿಗೆ ಆ ಸೇತುವೆಯ ಕೆಳಗಿನ ನೀರು ಹೊಸತಲ್ಲ. ಹುಡುಗ ನಿಧಾನಕ್ಕೆ ದಾಟಿಸಿಕೊಂಡು ಮನೆ ಮುಟ್ಟಿದ. ಬೆಳಿಗ್ಗೆ ಫೋನು ಬಂತು.

"ಮಾಮಾ, ಗಾಡಿ ಹೊಂಟಿಲ್ಲ. ಕೀ ಹಾಕಿದ್ರ ಮೀಟರ್ ಹತ್ತತದ, ಹಾರ್ನ್ ಹೊಡಿತದ, ಲೈಟ್ ಬರ್ತದ. ರೇಸ್ ಕೊಟ್ರ ಮಾತ್ರ ಗಾಲಿ ಅಲುಗಾಡಂಗಿಲ್ಲ."

ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಅದೇ ಗಾಡಿ ಏನೂ ಆಗಿಲ್ಲವೆಂಬಂತೆ ಓಡಿತು. ಎರಡು ದಿನ ಕಳೆದು ತುಂತುರು ಹನಿಯಿತು, ಮತ್ತೆ ನಿಂತಿತು. ರಿಪೇರಿ ಅಂಗಡಿಯಲ್ಲಿ ಹತ್ತು ನಿಮಿಷ ನೋಡಿ, "ಕಂಟ್ರೋಲರ್ ಪೋಯಿಂದಿ" ಎಂದರಂತೆ. ಅಂದರೆ ಮೋಟಾರನ್ನು ಆಳುವ ಪೆಟ್ಟಿಗೆ ಹೋಗಿದೆ, ಹೊಸದು ಹಾಕಬೇಕು. ಹುಡುಗ ದುಡ್ಡು ಹೊಂದಿಸುವ ಮುಂಚೆ ನನ್ನನ್ನು ಕೇಳಿದ. ಸತ್ತುಹೋದ ಪೆಟ್ಟಿಗೆ ಬಿಸಿಲು ಬಿದ್ದರೆ ಬದುಕುವುದು ಹೇಗೆ? ಈ ಅಧ್ಯಾಯ ಹುಟ್ಟಿದ್ದು ಆ ಪ್ರಶ್ನೆಯಿಂದ.

ಬ್ಯಾಟರಿ ಸ್ಕೂಟರ್ ಓಡಿಸುವವರಿಗೆ ಇನ್ನೊಂದು ವಿಚಿತ್ರವೂ ಗೊತ್ತಿರುತ್ತದೆ. ಹಿಡಿಯನ್ನು ತಿರುಗಿಸಿಕೊಂಡೇ ಕೀ ಹಾಕಿದರೆ ಅನೇಕ ಗಾಡಿಗಳು ಕದಲುವುದಿಲ್ಲ. ಕೈ ಸಡಿಲ ಬಿಟ್ಟು, ಮತ್ತೆ ತಿರುಗಿಸಿದರೆ ಹೊರಡುತ್ತವೆ. ಮಳೆಯಲ್ಲಿ ನಿಂತ ಗಾಡಿಗೂ ಈ ಹಟಕ್ಕೂ ಬೇರು ಒಂದೇ.

ಹಿಡಿಯಲ್ಲಿ ಶಕ್ತಿ ಇಲ್ಲ

ಪೆಟ್ರೋಲ್ ಗಾಡಿಯ ಹಿಡಿಯೊಳಗೆ ಒಂದು ಉಕ್ಕಿನ ಕೇಬಲ್ ಇರುತ್ತದೆ. ತಿರುಗಿಸಿದರೆ ಅದು ಎಂಜಿನ್ನಿನ ಗಾಳಿದಾರಿಯ ಮುಚ್ಚಳವನ್ನು ಎಳೆಯುತ್ತದೆ. ಇಂಗ್ಲಿಷಿನ ಥ್ರಾಟಲ್ ಎಂಬ ಮಾತು ಗಂಟಲು ಎಂಬರ್ಥದ ಪದದಿಂದ ಬಂದದ್ದು. ಎಂಜಿನ್ನಿನ ಗಂಟಲನ್ನು ಎಷ್ಟು ತೆರೆದಿರಿ, ಎಷ್ಟು ಹಿಸುಕಿದಿರಿ ಎಂಬುದೇ ಅಲ್ಲಿ ಲೆಕ್ಕ. ಕೈಯ ಬಲ ನೇರವಾಗಿ ಎಂಜಿನ್ನಿಗೆ ಮುಟ್ಟುತ್ತದೆ.

ಬ್ಯಾಟರಿ ಗಾಡಿಯ ಹಿಡಿಯನ್ನು ವೇಗಹಿಡಿ ಎಂದು ಕರೆಯೋಣ. ಅದರೊಳಗೆ ಎಳೆಯುವಂಥದ್ದು ಏನೂ ಇಲ್ಲ. ಅಲ್ಲಿಂದ ಹೊರಬರುವುದು ಮೂರು ತೆಳ್ಳನೆಯ ತಂತಿ, ಮೊಬೈಲ್ ಚಾರ್ಜರಿನ ವೈರಿಗಿಂತಲೂ ಸಣ್ಣವು. ಮೋಟಾರಿಗೆ ಬೇಕಾದ ಹತ್ತಾರು ಆಂಪಿಯರ್ ಹರಿವು ಇವುಗಳಲ್ಲಿ ಹೋದರೆ ಕ್ಷಣದಲ್ಲಿ ಕರಗಿಬಿಡುತ್ತವೆ. ಆ ಹರಿವು ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ ಸೀಟಿನ ಕೆಳಗಿನ ಅಲ್ಯೂಮಿನಿಯಂ ಪೆಟ್ಟಿಗೆಗೆ ಬಂದು, ಅಲ್ಲಿಂದ ಮೋಟಾರಿಗೆ ಹೋಗುತ್ತದೆ. ಆ ಪೆಟ್ಟಿಗೆಯೇ ಕಂಟ್ರೋಲರ್, ನಮ್ಮ ಮಾತಿನಲ್ಲಿ ನಿಯಂತ್ರಕ.

ಹೈದರಾಬಾದಿನ ಇರಾನಿ ಹೊಟೇಲಿನಲ್ಲಿ ಕೂತು ಚಾಯ್ ಕೇಳಿದಾಗ ಮಾಣಿ ಒಳಗೆ ಕೂಗಿ ಹೇಳುತ್ತಾನೆ. ಒಲೆ ಅವನ ಕೈಯಲ್ಲಿ ಇಲ್ಲ, ಹಾಲೂ ಇಲ್ಲ. ಅವನು ಒಯ್ಯುವುದು ನಿಮ್ಮ ಮಾತನ್ನು ಮಾತ್ರ. ವೇಗಹಿಡಿಯೂ ಹಾಗೆ. ಸವಾರ ಇಷ್ಟು ಬೇಕು ಎಂದ ಎಂಬ ಸುದ್ದಿ ತಲುಪಿಸಿದರೆ ಅದರ ಕೆಲಸ ಮುಗಿಯಿತು. ಎಷ್ಟು ಕೊಡಬೇಕು, ಕೊಡಬೇಕೋ ಬೇಡವೋ ಎಂಬ ತೀರ್ಮಾನ ಒಳಗಿನದು.

2023ರ ಫೆಬ್ರವರಿ 11ರಂದು ಹುಸೇನ್ ಸಾಗರದ ದಂಡೆಯ ಬೀದಿಗಳಲ್ಲಿ ಫಾರ್ಮುಲಾ ಇ ಪಂದ್ಯ ನಡೆಯಿತು. ಅಂದು ಓಡಿದ ವಿದ್ಯುತ್ ರೇಸ್ ಕಾರುಗಳ ಗರಿಷ್ಠ ಬಲ 350 ಕಿಲೋವ್ಯಾಟ್. ನಮ್ಮಲ್ಲಿ ನೋಂದಣಿ ಬೇಡದ ಸಣ್ಣ ಬ್ಯಾಟರಿ ಸ್ಕೂಟರಿಗೆ ಕಾನೂನು ಹಾಕಿರುವ ಮಿತಿ 250 ವ್ಯಾಟ್. ನಡುವೆ 1,400 ಪಟ್ಟು ಅಂತರ. ಆದರೂ ಎರಡರ ಮೂಲ ವ್ಯವಸ್ಥೆ ಒಂದೇ ಬಗೆಯದು. ಒಂದರಲ್ಲಿ ಪೆಡಲ್, ಇನ್ನೊಂದರಲ್ಲಿ ಹಿಡಿ. ಎರಡರಲ್ಲೂ ಅದು ಸುದ್ದಿ ಕಳಿಸುವ ಸಾಧನ, ಬಲ ಹರಿಯುವುದು ಬೇರೆ ದಾರಿಯಲ್ಲಿ.

ಗಾಡಿ ನಿಂತಾಗ ಹುಡುಕಾಟ ಶುರುವಾಗಬೇಕಾದದ್ದೂ ಇಲ್ಲಿಂದಲೇ. ಹಾರ್ನ್ ಮತ್ತು ದೀಪ ನಡೆಯುತ್ತವೆಯೆಂದರೆ ಬ್ಯಾಟರಿ ಪೂರ್ತಿ ಸತ್ತಿಲ್ಲ, ಅಷ್ಟೇ. ಅವು ಬ್ಯಾಟರಿಯ 48 ಅಥವಾ 60 ವೋಲ್ಟನ್ನು 12 ವೋಲ್ಟಿಗೆ ಇಳಿಸುವ ಬೇರೊಂದು ಪುಟ್ಟ ಪೆಟ್ಟಿಗೆಯಿಂದ ನಡೆಯುತ್ತವೆ. ಮೋಟಾರಿನ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಎರಡು: ಸವಾರನ ಸುದ್ದಿ ನಿಯಂತ್ರಕಕ್ಕೆ ಮುಟ್ಟಿತೇ? ಮುಟ್ಟಿದ್ದನ್ನು ಅದು ನಂಬಿತೇ?

ಚಿನ್ನದ ಹಾಳೆಯ ಮೇಲೆ ಒಂದು ಪ್ರಯೋಗ

ತಿರುಗುವ ಹಿಡಿಯನ್ನು ವಿದ್ಯುತ್ತಿನ ಸುದ್ದಿಯಾಗಿ ಬದಲಿಸುವುದು ಹೇಗೆ? ಉತ್ತರ ಸಿಕ್ಕಿದ್ದು 1879ರಲ್ಲಿ, ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ. ಎಡ್ವಿನ್ ಹಾಲ್ ಆಗ 23 ವರ್ಷದ ವಿದ್ಯಾರ್ಥಿ. ತಂತಿಯಲ್ಲಿ ವಿದ್ಯುತ್ ಹರಿಯುವಾಗ ಪಕ್ಕದಲ್ಲಿ ಅಯಸ್ಕಾಂತ ಇಟ್ಟರೆ ತಂತಿ ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ ಎಂಬುದು ಗೊತ್ತಿತ್ತು. ಆ ತಳ್ಳಾಟ ತಂತಿಗೆ ಮಾತ್ರವೇ, ಒಳಗೆ ಹರಿಯುವ ವಿದ್ಯುತ್ತಿಗೆ ಇಲ್ಲವೇ ಎಂಬುದು ಹಾಲ್‌ನ ಸಂದೇಹ. ಹರಿವಿಗೆ ಅಲ್ಲ, ತಂತಿಗೇ ಎಂದು ಸ್ವತಃ ಮ್ಯಾಕ್ಸ್‌ವೆಲ್ ಬರೆದಿದ್ದರು. ಅಷ್ಟು ದೊಡ್ಡ ವಿಜ್ಞಾನಿಯ ಮಾತನ್ನು ಪರೀಕ್ಷಿಸಲು ಈ ಹುಡುಗ ಗಾಜಿನ ಫಲಕದ ಮೇಲೆ ತೆಳುವಾದ ಚಿನ್ನದ ಹಾಳೆ ಅಂಟಿಸಿ, ಉದ್ದಕ್ಕೂ ವಿದ್ಯುತ್ ಹರಿಸಿ, ಬಲವಾದ ಅಯಸ್ಕಾಂತದ ನಡುವೆ ಇಟ್ಟ. ಹಾಳೆಯ ಎರಡು ಅಂಚುಗಳ ನಡುವೆ ತೀರ ಸಣ್ಣ ವೋಲ್ಟೇಜ್ ಮೂಡಿತು. ಅಯಸ್ಕಾಂತದ ಮುಖ ಬದಲಿಸಿದರೆ ಅದೂ ದಿಕ್ಕು ಬದಲಿಸಿತು. ಎಲೆಕ್ಟ್ರಾನ್ ಎಂಬ ಕಣ ಇದೆಯೆಂದು ಜೆ.ಜೆ. ಥಾಮ್ಸನ್ ತೋರಿಸುವುದಕ್ಕೆ ಇನ್ನೂ 18 ವರ್ಷ ಬಾಕಿ ಇತ್ತು ಎಂಬುದನ್ನು ನೆನೆದರೆ ನನಗೆ ಇಂದಿಗೂ ಆ ಪ್ರಯೋಗದ ಮೇಲೆ ಗೌರವ ಉಕ್ಕುತ್ತದೆ.

ಆಗುವುದಿಷ್ಟು. ರಂಜಾನ್ ರಾತ್ರಿ ಚಾರ್‌ಮಿನಾರ್ ಪಕ್ಕದ ಲಾಡ್ ಬಜಾರಿನಲ್ಲಿ ಜನ ಒಂದೇ ದಿಕ್ಕಿಗೆ ನಡೆಯುತ್ತಿದ್ದಾರೆ ಎನ್ನಿ. ನಡೆಯುತ್ತಿರುವವರಿಗೆಲ್ಲ ಎಡದಿಂದ ಒಂದೇ ಸಮನೆ ನೂಕು ಬಿದ್ದರೆ ಬಲಬದಿಯ ಬಳೆ ಅಂಗಡಿಗಳ ಮುಂದೆ ಜನ ಒತ್ತೊತ್ತಾಗುತ್ತಾರೆ, ಎಡಬದಿ ತೆಳುವಾಗುತ್ತದೆ. ಎರಡು ಬದಿಯ ಒತ್ತಡದ ವ್ಯತ್ಯಾಸ ನೋಡಿದರೆ ನೂಕು ಎಷ್ಟು ಜೋರಾಗಿದೆ ಎಂದು ಹೇಳಬಹುದು. ಇಲ್ಲಿ ಜನವೆಂದರೆ ವಿದ್ಯುತ್ ಕಣಗಳು, ನೂಕುವುದು ಅಯಸ್ಕಾಂತ.

ವೇಗಹಿಡಿಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ, ಮೂರು ಕಾಲಿನ ಒಂದು ಕಪ್ಪು ಚೂರು ಕೂತಿರುತ್ತದೆ. ಇದು ಹಾಲ್ ಸಂವೇದಕ. ಅಂಗಡಿಯಲ್ಲಿ ಹಾಲ್ ಸೆನ್ಸರ್ ಎಂದರೆ ಕೊಡುತ್ತಾರೆ. ಹಿಡಿಯ ತಿರುಗುವ ಭಾಗದಲ್ಲಿ ಪುಟ್ಟ ಅಯಸ್ಕಾಂತಗಳು ಅಂಟಿಕೊಂಡಿರುತ್ತವೆ. ಹಿಡಿ ತಿರುಗಿದಂತೆ ಅಯಸ್ಕಾಂತ ಈ ಚೂರಿನ ಮುಂದೆ ಸರಿಯುತ್ತದೆ, ನೂಕು ಬದಲಾಗುತ್ತದೆ, ಹೊರಬರುವ ವೋಲ್ಟೇಜ್ ಏರುತ್ತದೆ. ಉಜ್ಜುವ ಭಾಗ ಇಲ್ಲ, ಸವೆಯುವ ಭಾಗವೂ ಇಲ್ಲ. ಮೂರು ತಂತಿಗಳಲ್ಲಿ ಕೆಂಪು ತಂತಿ ನಿಯಂತ್ರಕದಿಂದ ಸುಮಾರು 5 ವೋಲ್ಟ್ ತರುತ್ತದೆ. ಕಪ್ಪು ತಂತಿ ವಾಪಸು ಹೋಗುವ ದಾರಿ, ಅದನ್ನು ನೆಲತಂತಿ ಎನ್ನೋಣ. ಮೂರನೆಯದು, ಹೆಚ್ಚಾಗಿ ಹಸಿರೋ ಬಿಳಿಯೋ ಇರುವುದು, ಸುದ್ದಿಯ ತಂತಿ.

ಗೂರ್ಖಾನ ಕೋಲು

ಹಿಡಿ ಪೂರ್ತಿ ಸಡಿಲ ಇದ್ದಾಗ ಸುದ್ದಿಯ ತಂತಿಯಲ್ಲಿ ಎಷ್ಟು ವೋಲ್ಟ್ ಇರಬೇಕು? ಏನೂ ಬೇಡ ಎಂದರೆ ಸೊನ್ನೆ, ಪೂರ್ತಿ ಬೇಕು ಎಂದರೆ 5 ಎಂದು ಇಟ್ಟುಬಿಡುವುದು ಸುಲಭ ಎನ್ನಿಸುತ್ತದೆ. ಆದರೆ ಮಲ್ಟಿಮೀಟರ್ ಹಿಡಿದು ನೋಡಿದರೆ ಸಡಿಲ ಬಿಟ್ಟಾಗ ಸುಮಾರು 0.8 ವೋಲ್ಟ್, ಪೂರ್ತಿ ತಿರುಗಿಸಿದಾಗ ಸುಮಾರು 4.2 ವೋಲ್ಟ್ ಕಾಣುತ್ತದೆ. ಗಾಡಿಯಿಂದ ಗಾಡಿಗೆ ಈ ಅಂಕಿ ತುಸು ಆಚೀಚೆ. ಕೆಳಗೂ ಮೇಲೂ ಒಂದಷ್ಟು ಜಾಗ ಬೇಕೆಂದೇ ಖಾಲಿ ಬಿಟ್ಟಿದ್ದಾರೆ.

ನಮ್ಮ ಓಣಿಯಲ್ಲಿ ರಾತ್ರಿ ಕಾವಲಿಗೆ ಬರುವ ಗೂರ್ಖಾ ಗಂಟೆಗೊಮ್ಮೆ ಕೋಲು ಕುಟ್ಟುತ್ತಾ ಹೋಗುತ್ತಾನೆ. ಕಳ್ಳ ಬಂದಾಗ ಮಾತ್ರ ಕೂಗುತ್ತೇನೆ, ಉಳಿದ ಹೊತ್ತು ಸುಮ್ಮನಿರುತ್ತೇನೆ ಎಂದು ಅವನು ಹೇಳಿದ್ದರೆ ಅವನ ಮೌನಕ್ಕೆ ಎರಡು ಅರ್ಥ ಬರುತ್ತಿತ್ತು: ಎಲ್ಲ ಕ್ಷೇಮ, ಇಲ್ಲವೇ ಅವನಿಗೇ ಏನೋ ಆಗಿದೆ. ಕೋಲಿನ ಸದ್ದು ಕೇಳುತ್ತಿದ್ದರೆ ನಿದ್ದೆ ಬರುತ್ತದೆ. ಸದ್ದು ನಿಂತರೆ ಎಚ್ಚರವಾಗುತ್ತದೆ.

0.8 ವೋಲ್ಟ್ ಎಂಬುದು ವೇಗಹಿಡಿಯ ಕೋಲಿನ ಸದ್ದು. ನಾನು ಇದ್ದೇನೆ, ತಂತಿ ಕೂಡಿದೆ, ಸವಾರ ಸದ್ಯಕ್ಕೆ ಏನೂ ಕೇಳುತ್ತಿಲ್ಲ ಎಂಬ ಮೂರು ಮಾತು ಅದರಲ್ಲಿ ಅಡಗಿದೆ. ನಿಜವಾದ ಸೊನ್ನೆ ಬಂದರೆ ನಿಯಂತ್ರಕಕ್ಕೆ ತಿಳಿಯುತ್ತದೆ, ಎಲ್ಲೋ ತಂತಿ ಕಡಿದಿದೆ ಎಂದು. 5ರ ಹತ್ತಿರ ಬಂದರೆ ಎಲ್ಲೋ ತಂತಿ ತಾಗಿಕೊಂಡಿದೆ ಎಂದು. ಆರೋಗ್ಯವಾದ ಹಿಡಿ ಈ ಎರಡು ತುದಿಗಳನ್ನು ಎಂದೂ ಮುಟ್ಟುವುದಿಲ್ಲವಾದ್ದರಿಂದ ಅಲ್ಲಿ ಬಂದ ಯಾವ ಸುದ್ದಿಯೂ ಸವಾರನದಲ್ಲ.

ಈ ಉಪಾಯ ಸ್ಕೂಟರಿಗಿಂತ ಹಳೆಯದು. ಹೈದರಾಬಾದಿನ ಜೀಡಿಮೆಟ್ಲಾ, ಪಟಾನ್‌ಚೆರುವಿನಂಥ ಕೈಗಾರಿಕಾ ಪ್ರದೇಶಗಳ ಔಷಧ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಇನ್‌ಸ್ಟ್ರುಮೆಂಟ್ ವಿಭಾಗದವರನ್ನು ಕೇಳಿ, 4ರಿಂದ 20 ಮಿಲಿ ಆಂಪಿಯರ್ ಎಂಬ ಮಾತು ಅವರ ಬಾಯಲ್ಲಿ ದಿನವೂ ಬರುತ್ತದೆ. ದೂರದ ತೊಟ್ಟಿಯ ಉಷ್ಣತೆ, ಒತ್ತಡ, ಮಟ್ಟ ಎಲ್ಲವೂ ತಂತಿಯಲ್ಲಿ ಹರಿಯುವ ಆ ಸಣ್ಣ ವಿದ್ಯುತ್ತಾಗಿ ಕಂಟ್ರೋಲ್ ರೂಮಿಗೆ ಬರುತ್ತವೆ. ತೊಟ್ಟಿ ಬರಿದಾಗಿದ್ದರೂ 4 ಬರಲೇಬೇಕು. ಸೊನ್ನೆ ಬಂದರೆ ತೊಟ್ಟಿ ನೋಡಲು ಹೋಗಬೇಕಿಲ್ಲ, ತಂತಿ ನೋಡಬೇಕು. ಅವರು ಇದನ್ನು ಲೈವ್ ಝೀರೋ ಎನ್ನುತ್ತಾರೆ. ಜೀವ ಇರುವ ಸೊನ್ನೆ.

ಹಿಡಿ ತಿರುಗಿಸಿಕೊಂಡು ಕೀ ಹಾಕಿದರೆ ಗಾಡಿ ಏಕೆ ಹೊರಡುವುದಿಲ್ಲ ಎಂಬುದು ಈಗ ಬಿಡಿಸಿಕೊಳ್ಳುತ್ತದೆ. ಕೀ ಹಾಕಿದ ಗಳಿಗೆಯಲ್ಲಿ ನಿಯಂತ್ರಕ ಮೊದಲು ನೋಡುವುದು ವಿಶ್ರಾಂತಿಯ ಸುದ್ದಿಯನ್ನು. ಅದು ಸುಮಾರು 1.1 ಅಥವಾ 1.2 ವೋಲ್ಟಿಗಿಂತ ಕೆಳಗೆ ಇದ್ದರೆ ಸರಿ. ಮೇಲಿದ್ದರೆ, ಸವಾರ ತಿಳಿಯದೆ ಹಿಡಿದುಕೊಂಡಿದ್ದಾನೋ ಹಿಡಿಯೇ ಸಿಕ್ಕಿಕೊಂಡಿದೆಯೋ ಹೇಳಲಾಗದು. ಮನೆಯ ಗೇಟಿನೊಳಗೆ ನಿಂತ ಗಾಡಿ ದಿಢೀರನೆ ಗೋಡೆಗೆ ನುಗ್ಗಬಾರದು. ಆದ್ದರಿಂದ ಸುದ್ದಿ ಕೆಳಗಿಳಿಯುವವರೆಗೆ ಅದು ಮೋಟಾರಿಗೆ ಏನೂ ಕೊಡದೆ ಕಾಯುತ್ತದೆ.

ಯಾವ ತಂತಿ ಕಡಿಯಿತು?

ಕೆಂಪು ತಂತಿ ಕಡಿದರೆ ಸಂವೇದಕಕ್ಕೆ ಆಹಾರವಿಲ್ಲ, ಸುದ್ದಿ ಸೊನ್ನೆ, ಗಾಡಿ ನಿಲ್ಲುತ್ತದೆ. ಸುದ್ದಿಯ ತಂತಿ ಕಡಿದರೂ ಸೊನ್ನೆಯೇ, ಗಾಡಿ ನಿಲ್ಲುತ್ತದೆ. ಇವೆರಡೂ ತೊಂದರೆ ಕೊಡುತ್ತವೆ, ಅಪಾಯ ತರುವುದಿಲ್ಲ.

ಕಪ್ಪು ತಂತಿಯ ಕಥೆ ಬೇರೆ. ಕೆರೆಯ ತೂಬು ಮುಚ್ಚಿ, ಒಳಗೆ ಬರುವ ಕಾಲುವೆಯನ್ನು ಹಾಗೇ ಬಿಟ್ಟರೆ ನೀರು ಏರುತ್ತಲೇ ಹೋಗುತ್ತದೆ. ವಾಪಸು ಹೋಗುವ ದಾರಿ ಮುಚ್ಚಿದ ಸಂವೇದಕದಲ್ಲೂ ಸುದ್ದಿಯ ತಂತಿ ಮೇಲಕ್ಕೆ, 5 ವೋಲ್ಟಿನ ಕಡೆಗೆ ತೇಲುತ್ತದೆ. ಸವಾರ ಕೈ ಬಿಟ್ಟಿದ್ದಾನೆ, ಸುದ್ದಿ ಮಾತ್ರ ಪೂರ್ತಿ ಬೇಕು ಎನ್ನುತ್ತಿದೆ! ಒಳ್ಳೆಯ ನಿಯಂತ್ರಕ 4.2ಕ್ಕಿಂತ ಸಾಕಷ್ಟು ಮೇಲಿನ ಸುದ್ದಿಯನ್ನು ನಂಬದೆ ಮೋಟಾರನ್ನು ನಿಲ್ಲಿಸಿಬಿಡುತ್ತದೆ. ಈ ಪರೀಕ್ಷೆಯನ್ನೇ ಇಡದ ಅಗ್ಗದ ನಿಯಂತ್ರಕ ಅದನ್ನು ಸವಾರನ ಮಾತೆಂದು ನಂಬಿ ಗಾಡಿಯನ್ನು ಓಡಿಸಿಬಿಡಬಹುದು. ನಿಯಂತ್ರಕ ಕೊಳ್ಳುವಾಗ ಬೆಲೆಗಿಂತ ಮುಂಚೆ ಕೇಳಬೇಕಾದದ್ದು ಇದನ್ನೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಓಡುತ್ತಿರುವಾಗ ಗಾಡಿ ಹೀಗೆ ಮಾಡಿದರೆ ಮೊದಲು ಬ್ರೇಕ್ ಲಿವರ್ ಹಿಡಿಯಿರಿ. ಬಹುತೇಕ ಬ್ಯಾಟರಿ ಸ್ಕೂಟರುಗಳ ಬ್ರೇಕಿನಲ್ಲಿ ಮೋಟಾರಿನ ಹರಿವು ಕಡಿಯುವ ಸಣ್ಣ ಸ್ವಿಚ್ ಇರುತ್ತದೆ. ಆಮೇಲೆ ಕೀ ಆರಿಸಿ.

ಕಾರುಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಇದೆ. ಒಂದೇ ಪೆಡಲಿಗೆ ಎರಡು ಸಂವೇದಕ, ಎರಡಕ್ಕೂ ಬೇರೆ ಬೇರೆ ಅಳತೆ. ಉದಾಹರಣೆಗೆ, ಒಂದು ಹೇಳಿದ್ದರ ಅರ್ಧವನ್ನು ಇನ್ನೊಂದು ಹೇಳಬೇಕು. ಇಬ್ಬರು ಸಾಕ್ಷಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಕೇಳಿದಂತೆ. ಹೇಳಿಕೆ ಹೊಂದದಿದ್ದರೆ ಕಾರು ತನ್ನ ಬಲವನ್ನು ತಾನೇ ಇಳಿಸಿಕೊಳ್ಳುತ್ತದೆ. ಟೊಯೋಟಾ ಕಾರುಗಳು ತಾವಾಗಿಯೇ ಮುನ್ನುಗ್ಗುತ್ತವೆ ಎಂಬ ದೂರುಗಳ ಬಗ್ಗೆ ಅಮೆರಿಕದ ಸರ್ಕಾರ ನಾಸಾ ಎಂಜಿನಿಯರುಗಳಿಂದ ತನಿಖೆ ಮಾಡಿಸಿ 2011ರ ಫೆಬ್ರವರಿಯಲ್ಲಿ ವರದಿ ಹೊರತಂದಿತು. ಅಂಥ ದೊಡ್ಡ ಮುನ್ನುಗ್ಗುವಿಕೆಗೆ ಎಲೆಕ್ಟ್ರಾನಿಕ್ಸ್ ಕಾರಣ ಎಂಬುದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಆದರೆ ಪರೀಕ್ಷಿಸಿದ ಕೆಲವು ಹಳೆಯ ಮಾದರಿಯ ಪೆಡಲುಗಳೊಳಗೆ ತವರದ ಲೇಪದಿಂದ ಕೂದಲಿಗಿಂತ ಸಪೂರ ಎಳೆಗಳು ತಾವಾಗಿ ಬೆಳೆದದ್ದು ಕಂಡಿತು. ಎರಡು ಸಾಕ್ಷಿಗಳ ನಡುವೆ ಗುಟ್ಟಿನ ದಾರಿ ಮಾಡುವಂಥ ಎಳೆಗಳು ಅವು. ನಂಬಬೇಕಾದ ಸುದ್ದಿ ಯಾವುದು ಎಂಬ ಪ್ರಶ್ನೆ ಎಷ್ಟು ಸೂಕ್ಷ್ಮವಾದದ್ದು ಎಂಬುದು ಅಲ್ಲಿ ಕಾಣುತ್ತದೆ.

ಎತ್ತರವಾದ ನೆಲ

ಈಗ ದಿಲ್‌ಸುಖ್‌ನಗರಕ್ಕೆ ಹೋಗೋಣ. ಗಾಡಿಯನ್ನು ನಡುಸ್ಟ್ಯಾಂಡಿಗೆ ಎತ್ತಿ ಹಿಂದಿನ ಗಾಲಿ ನೆಲ ಬಿಟ್ಟಿದೆಯೇ ಎಂದು ನೋಡಿಕೊಂಡೆ. ಈ ಕೆಲಸದಲ್ಲಿ ಇದನ್ನು ಎಂದೂ ತಪ್ಪಿಸಬಾರದು, ಏಕೆಂದರೆ ತಂತಿ ಮುಟ್ಟುವಾಗ ಗಾಲಿ ಯಾವ ಕ್ಷಣದಲ್ಲಾದರೂ ತಿರುಗಬಹುದು. ಕೈಯ ಉಂಗುರವನ್ನೂ ವಾಚನ್ನೂ ತೆಗೆದಿಟ್ಟೆ. 60 ವೋಲ್ಟಿನ ಬ್ಯಾಟರಿಯ ಎರಡು ತುದಿಗೆ ಲೋಹ ತಾಗಿದರೆ ಉಂಗುರ ಕೆಂಡವಾಗುತ್ತದೆ.

ಮೊದಲು ಬ್ರೇಕ್. ಅಲ್ಲಿನ ಆ ಸಣ್ಣ ಸ್ವಿಚ್ ಕೊಳೆ ತುಂಬಿ ಒತ್ತಿದಂತೆಯೇ ಉಳಿದುಬಿಟ್ಟರೆ, ಸವಾರ ಸದಾ ಬ್ರೇಕ್ ಹಿಡಿದಿದ್ದಾನೆಂದು ನಿಯಂತ್ರಕ ತಿಳಿಯುತ್ತದೆ. ಮಳೆಗಾಲದಲ್ಲಿ ನಿಂತ ಗಾಡಿಗಳಲ್ಲಿ ಇದೂ ಸಾಮಾನ್ಯ ಕಾರಣ. ಬ್ರೇಕ್ ಸ್ವಿಚ್ಚಿನ ತಂತಿ ಕಳಚಿ ನೋಡಿದೆ, ಗಾಲಿ ಕದಲಲಿಲ್ಲ. ಹಾಗಾದರೆ ಅದಲ್ಲ. ಮತ್ತೆ ಜೋಡಿಸಿದೆ.

ಮುಂದಿನ ಹೊದಿಕೆ ಬಿಚ್ಚಿದಾಗ ವೇಗಹಿಡಿಯ ಮೂರು ತಂತಿಗಳು ಬೆಳ್ಳನೆಯ ಪ್ಲಾಸ್ಟಿಕ್ ಕನೆಕ್ಟರಿನಲ್ಲಿ ಕೂಡಿಕೊಂಡಿದ್ದವು. ಮಳೆನೀರು ಹ್ಯಾಂಡಲ್ ಹಿಡಿದು ಇಳಿದು ನೇರ ಅಲ್ಲಿಗೇ ಬರುತ್ತದೆ. ನಿಯಂತ್ರಕದ ಕಡೆ ಕೆಂಪು ಮತ್ತು ಕಪ್ಪಿನ ನಡುವೆ 4.9 ವೋಲ್ಟ್ ಇತ್ತು. ಆಹಾರ ಬರುತ್ತಿದೆ ಎಂದಾಯಿತು. ಮೀಟರಿನ ಕಪ್ಪು ಮೊನೆಯನ್ನು ಅಲ್ಲೇ ಇಟ್ಟು, ಕೆಂಪು ಮೊನೆಯನ್ನು ಸುದ್ದಿಯ ತಂತಿಗೆ ಮುಟ್ಟಿಸಿದೆ. ಹಿಡಿ ಸಡಿಲವಾಗಿದೆ, ಮೀಟರ್ 1.35 ಎನ್ನುತ್ತಿದೆ.

ಅಲ್ಲಿಗೆ ಅರ್ಧ ಒಗಟು ಬಿಡಿಸಿದಂತಾಯಿತು. ಕೀ ಹಾಕಿದಾಗಲೇ 1.35 ಕಂಡ ನಿಯಂತ್ರಕ, ಸವಾರ ಹಿಡಿ ತಿರುಗಿಸಿಕೊಂಡಿದ್ದಾನೆ ಎಂದುಕೊಂಡು ಕಾಯುತ್ತಾ ಕೂತಿದೆ. ಅದು ಸತ್ತಿಲ್ಲ. ತನ್ನ ಕೆಲಸವನ್ನು ತಪ್ಪದೆ ಮಾಡುತ್ತಿದೆ.

ಆದರೆ 0.8 ಇರಬೇಕಾದದ್ದು 1.35 ಆಗಿದ್ದು ಹೇಗೆ? ಹಿಡಿಯೇ ಕೆಟ್ಟಿರಬಹುದು. ಹೊಸ ಹಿಡಿ ಕೊಳ್ಳುವ ಮುಂಚೆ ಇನ್ನೊಂದು ಅಳತೆ ಬಾಕಿ ಇತ್ತು. ಮೀಟರಿನ ಒಂದು ಮೊನೆಯನ್ನು ಕನೆಕ್ಟರಿನ ಈಚೆಯ ಕಪ್ಪು ತಂತಿಗೂ ಇನ್ನೊಂದನ್ನು ಆಚೆಯ ಕಪ್ಪು ತಂತಿಗೂ ಇಟ್ಟೆ. ಎರಡೂ ಒಂದೇ ತಂತಿಯ ಎರಡು ತುಂಡು, ನಡುವೆ ಸೊನ್ನೆ ಇರಬೇಕು. ಇದ್ದದ್ದು 0.6 ವೋಲ್ಟ್.

ಕನೆಕ್ಟರ್ ಬಿಡಿಸಿ ನೋಡಿದರೆ ಕಪ್ಪು ತಂತಿಯ ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟಿತ್ತು, ತೊಳೆಯದೆ ಬಿಟ್ಟ ತಾಮ್ರದ ತಂಬಿಗೆಯ ಮೇಲೆ ಕಟ್ಟುವಂಥದ್ದು. ಸಂವೇದಕ ಕುಡಿಯುವ ವಿದ್ಯುತ್ ಬಹಳ ಕಡಿಮೆ, ಕೆಲವೇ ಮಿಲಿ ಆಂಪಿಯರ್. ಅಷ್ಟು ಸಣ್ಣ ಹರಿವಿಗೂ ಆ ಕಿಲುಬು ಅಡ್ಡಿಯಾಗಿ, 0.6 ವೋಲ್ಟ್ ಅಲ್ಲೇ ಉಳಿದುಬಿಟ್ಟಿತ್ತು.

ಒಬ್ಬ ಹುಡುಗನ ಎತ್ತರವನ್ನು ಗೋಡೆಯ ಮೇಲಿನ ಗುರುತಿನಿಂದ ಅಳೆಯುತ್ತೀರಿ. ಯಾರೋ ಅವನ ಕಾಲಡಿಗೆ ಒಂದು ಮಣೆ ಇಟ್ಟಿದ್ದಾರೆ, ನಿಮಗೆ ತಿಳಿದಿಲ್ಲ. ಹುಡುಗ ಬೆಳೆದಿಲ್ಲ, ಅವನು ನಿಂತ ನೆಲ ಎತ್ತರವಾಗಿದೆ. ಇಲ್ಲಿ ಸಂವೇದಕ ತಾನು ನಿಂತ ನೆಲದಿಂದ ಸರಿಯಾಗಿಯೇ, ಸುಮಾರು 0.75 ವೋಲ್ಟ್ ಹೇಳುತ್ತಿತ್ತು. ಅದರ ನೆಲವೇ 0.6 ಮೇಲೆದ್ದಿತ್ತು. ಕೂಡಿಸಿದರೆ 1.35. ಕಿಲುಬು ಹಿಡಿದ ಜೋಡಣೆಯ ಅಡ್ಡಿ ತೇವಕ್ಕೆ, ಬಿಸಿಗೆ, ಅಲುಗಾಟಕ್ಕೆ ಬದಲಾಗುತ್ತಲೇ ಇರುತ್ತದೆ. ಬಿಸಿಲಿನಲ್ಲಿ ಅದು ತುಸು ಇಳಿದು ಸುದ್ದಿ 1.1ರ ಕೆಳಗೆ ಬಂದಾಗ ಗಾಡಿ ಹೊರಡುತ್ತಿತ್ತು. ಹನಿ ಬಿದ್ದರೆ ಮತ್ತೆ ಮೇಲೇರುತ್ತಿತ್ತು.

ಕೋಠಿಯ ಗುಜರಾತಿ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿ ಸಾಲಿದೆ. ರಬ್ಬರ್ ಬಿರಡೆ ಇರುವ, ನೀರು ಹೊಗದ ಮೂರು ಪಿನ್ನಿನ ಕನೆಕ್ಟರ್ ಅಲ್ಲಿ ಸಿಕ್ಕಿತು. ಹಳೆಯದನ್ನು ಕತ್ತರಿಸಿ, ತಾಮ್ರ ಹೊಳೆಯುವವರೆಗೆ ತಂತಿ ಸವರಿ, ಹೊಸದನ್ನು ಹಾಕಿ, ಮೇಲೆ ಸ್ವಲ್ಪ ಸಿಲಿಕೋನ್ ಗ್ರೀಸ್ ತುಂಬಿದೆವು. ಕನೆಕ್ಟರಿನ ಬಾಯಿ ಕೆಳಮುಖವಾಗಿ ಇರುವಂತೆ ಕಟ್ಟಿದೆವು. ಮೀಟರ್ 0.86 ತೋರಿಸಿತು. ಹುಡುಗ ಹಿಡಿ ತಿರುಗಿಸಿದ, ಗಾಲಿ ತಿರುಗಿತು.

ಗಾಲಿಯೊಳಗಿನ ಮೂರು ಕಣ್ಣು

ಸುದ್ದಿ ನೆಟ್ಟಗಿದ್ದೂ ಗಾಡಿ ಹೊರಡದಿದ್ದರೆ ಮೋಟಾರಿನ ಕಡೆ ನೋಡಬೇಕು. ಇಂಥ ಸ್ಕೂಟರುಗಳಲ್ಲಿ ಮೋಟಾರು ಹಿಂದಿನ ಗಾಲಿಯ ಗುಂಬದಲ್ಲೇ ಇರುತ್ತದೆ. ಅಚ್ಚಿಗೆ ಅಂಟಿದ ತಾಮ್ರದ ಸುರುಳಿಗಳು ನಿಂತೇ ಇರುತ್ತವೆ, ಅಯಸ್ಕಾಂತಗಳನ್ನು ಹೊತ್ತ ಹೊರ ಬಳೆ ತಿರುಗುತ್ತದೆ. ಸುರುಳಿಗಳದ್ದು ಮೂರು ಗುಂಪು. ಹಳದಿ, ಹಸಿರು, ನೀಲಿ ದಪ್ಪ ತಂತಿಗಳು ಅವುಗಳಿಂದ ಬರುತ್ತವೆ. ಮಗುವನ್ನು ಜೋಕಾಲಿಯಲ್ಲಿ ತೂಗುವವರು ಜೋಕಾಲಿ ಎಲ್ಲಿದೆ ಎಂದು ನೋಡಿ ಸರಿಯಾದ ಗಳಿಗೆಯಲ್ಲಿ ನೂಕುತ್ತಾರೆ. ನಿಯಂತ್ರಕವೂ ಅಯಸ್ಕಾಂತ ಎಲ್ಲಿದೆ ಎಂದು ನೋಡಿ ಸರಿಯಾದ ಸುರುಳಿಗೆ ಹರಿವು ಕೊಡಬೇಕು. ನೋಡುವುದಕ್ಕೆ ಗಾಲಿಯೊಳಗೂ ಮೂರು ಹಾಲ್ ಸಂವೇದಕಗಳಿವೆ.

ನೂಕುವ ಕೆಲಸ ಮಾಡುವವು ಮಾಸ್‌ಫೆಟ್ ಎಂಬ ವಿದ್ಯುತ್ ಬಾಗಿಲುಗಳು. ಕಡಿಮೆಯೆಂದರೆ ಆರು. ಅರ್ಧ ವೇಗ ಬೇಕೆಂದರೆ ಇವು ಅರ್ಧ ತೆರೆಯುವುದಿಲ್ಲ. ಅರ್ಧ ತೆರೆದ ಬಾಗಿಲು ಹರಿವನ್ನು ಶಾಖವಾಗಿ ಸುಟ್ಟುಬಿಡುತ್ತದೆ. ಸೆಕೆಂಡಿಗೆ ಸಾವಿರಾರು ಬಾರಿ ಪೂರ್ತಿ ತೆರೆದು ಪೂರ್ತಿ ಮುಚ್ಚುತ್ತವೆ, ತೆರೆದಿರುವ ಹೊತ್ತನ್ನು ಹೆಚ್ಚು ಕಡಿಮೆ ಮಾಡುತ್ತವೆ.

ಮೂರು ಕಣ್ಣುಗಳಲ್ಲಿ ಪ್ರತಿಯೊಂದಕ್ಕೂ ಎರಡೇ ಉತ್ತರ: ಹೌದು, ಅಲ್ಲ. ಒಟ್ಟು ಎಂಟು ಜೋಡಣೆ ಸಾಧ್ಯ. ಸಾಮಾನ್ಯ ಮೋಟಾರಿನಲ್ಲಿ ಗಾಲಿ ಎಲ್ಲೇ ನಿಂತಿದ್ದರೂ ಇವುಗಳಲ್ಲಿ ಆರು ಮಾತ್ರ ಬರುವಂತೆ ಕಣ್ಣುಗಳನ್ನು ಕೂರಿಸಿರುತ್ತಾರೆ. ಮೂರೂ ಹೌದು, ಮೂರೂ ಅಲ್ಲ ಎಂಬ ಎರಡು ಉತ್ತರ ಎಂದೂ ಬರಬಾರದು. ಬಂದರೆ ಕನೆಕ್ಟರ್ ಕಳಚಿದೆ ಅಥವಾ ಆಹಾರ ನಿಂತಿದೆ. ಮತ್ತೆ ಅದೇ ಗೂರ್ಖಾನ ಕೋಲು, ಬೇರೆ ವೇಷದಲ್ಲಿ.

ಒಂದು ಕಣ್ಣು ಕುರುಡಾದರೆ ಗಾಲಿ ನಡುಗುತ್ತಾ, ಗರಗರ ಸದ್ದು ಮಾಡುತ್ತಾ, ಹಿಂದೆ ಮುಂದೆ ಅಲುಗುತ್ತದೆ. ಕೈಯಿಂದ ನೂಕಿದರೆ ಕೆಲವೊಮ್ಮೆ ಹೊರಡುತ್ತದೆ. ಆಗ ಗಾಲಿಯನ್ನು ಮೆಲ್ಲಗೆ ಕೈಯಲ್ಲಿ ತಿರುಗಿಸುತ್ತಾ ಮೂರೂ ಸಣ್ಣ ತಂತಿಗಳನ್ನು ಒಂದೊಂದಾಗಿ ಅಳೆಯಬೇಕು. ಮೀಟರ್ ಮೇಲಕ್ಕೆ, ಕೆಳಕ್ಕೆ ಜಿಗಿಯುತ್ತಿದ್ದರೆ ಕಣ್ಣು ಸರಿ ಇದೆ. ಒಂದೇ ಕಡೆ ಅಂಟಿಕೊಂಡಿದ್ದರೆ ಕೆಟ್ಟಿರುವುದು ಅದೇ.

ಅನುಭವಿಗಳೂ ಎಡವುವ ಜಾಗ ಇನ್ನೊಂದಿದೆ. ಗಾಲಿಯ ಕಣ್ಣುಗಳಿಗೂ ವೇಗಹಿಡಿಗೂ ಆ 5 ವೋಲ್ಟ್ ಸಾಮಾನ್ಯವಾಗಿ ಒಂದೇ ಮೂಲದಿಂದ ಬರುತ್ತದೆ, ಒಂದೇ ನಲ್ಲಿಯಿಂದ ಎರಡು ಮನೆಗೆ ನೀರು ಹೋದಂತೆ. ಗಾಲಿಯೊಳಗೆ ನೀರು ಹೊಕ್ಕು ಒಂದು ಸಂವೇದಕ ಒಳಗೇ ತಾಗಿಕೊಂಡರೆ 5 ವೋಲ್ಟೆಲ್ಲ ಅಲ್ಲಿ ಸೋರಿ, ಹಿಡಿಗೂ ಏನೂ ಸಿಗುವುದಿಲ್ಲ. ನೋಡಿದವರು ಹಿಡಿ ಬದಲಿಸುತ್ತಾರೆ, ಆಗುವುದಿಲ್ಲ. ನಿಯಂತ್ರಕ ಬದಲಿಸುತ್ತಾರೆ, ಅದೂ ಆಗುವುದಿಲ್ಲ. ಗಾಲಿಯ ಸಣ್ಣ ಕನೆಕ್ಟರನ್ನು ಒಮ್ಮೆ ಕಳಚಿ ಹಿಡಿಯ ಕಡೆ 5 ವೋಲ್ಟ್ ಮರಳಿತೇ ಎಂದು ನೋಡಿದ್ದರೆ ಎರಡು ನಿಮಿಷದ ಕೆಲಸ.

ನಿಯಂತ್ರಕ ನಿಜವಾಗಿ ಸುಟ್ಟಾಗ ಗಾಲಿಯೇ ಸಾಕ್ಷಿ ಹೇಳುವುದುಂಟು. ಕೀ ಆರಿಸಿ ಗಾಲಿ ತಿರುಗಿಸಿದರೆ ಎಣ್ಣೆಯಲ್ಲಿ ತಿರುಗಿದಂತೆ ಬಿಗಿ, ಅಲ್ಲಲ್ಲಿ ತಡೆದು ತಡೆದು ಹೋಗುತ್ತದೆ. ಮಾಸ್‌ಫೆಟ್ ಬಾಗಿಲು ತೆರೆದೇ ಅಂಟಿಕೊಂಡಿದೆ. ಗಾಲಿ ತಿರುಗಿಸಿದಾಗ ಹುಟ್ಟಿದ ವಿದ್ಯುತ್ ಅಲ್ಲಿ ಸುತ್ತು ಹೊಡೆದು ಗಾಲಿಯನ್ನೇ ತಡೆಯುತ್ತಿದೆ. ಬ್ಯಾಟರಿ ಕಳಚಿ, ಮೂರು ದಪ್ಪ ತಂತಿಗಳನ್ನು ನಿಯಂತ್ರಕದಿಂದ ಬಿಡಿಸಿ, ಒಂದಕ್ಕೊಂದು ತಾಗದಂತೆ ಹಿಡಿದು ಮತ್ತೆ ತಿರುಗಿಸಿ. ಗಾಲಿ ಹಗುರಾದರೆ ನಿಯಂತ್ರಕ ಹೋಗಿದೆ. ಬಿಗಿ ಹಾಗೇ ಇದ್ದರೆ ದೋಷ ಮೋಟಾರಿನೊಳಗೆ, ಇಲ್ಲವೇ ಅಚ್ಚಿನ ಹತ್ತಿರ ತಂತಿಗಳ ಹೊದಿಕೆ ಕರಗಿ ಒಂದಕ್ಕೊಂದು ಅಂಟಿವೆ. ಈ ಪರೀಕ್ಷೆಗೆ ಮೀಟರೂ ಬೇಡ.

ಬ್ಯಾಟರಿ ಸ್ಕೂಟರ್ ಇಟ್ಟುಕೊಂಡವರಲ್ಲಿ ನನ್ನ ಕೋರಿಕೆ ಇಷ್ಟೇ. ಗಾಡಿ ಚೆನ್ನಾಗಿ ಓಡುತ್ತಿರುವಾಗಲೇ, ಬಿಸಿಲಿನ ಒಂದು ದಿನ, ಹಿಡಿ ಸಡಿಲ ಬಿಟ್ಟು ಸುದ್ದಿಯ ತಂತಿಯಲ್ಲಿ ಎಷ್ಟು ವೋಲ್ಟ್ ಇದೆ ಎಂದು ಅಳೆದು, ಆ ಅಂಕಿಯನ್ನು ಸೀಟಿನ ಕೆಳಗೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿ. ಗಾಡಿ ನಿಂತ ದಿನ ರಿಪೇರಿಯವರಿಗೆ ಮೊದಲು ಆ ಚೀಟಿ ತೋರಿಸಿ. ನನ್ನ ತಂಗಿಯ ಮಗನ ಸ್ಕೂಟರಿನಲ್ಲಿ ಈಗ ಅಂಥ ಚೀಟಿ ಇದೆ. ಅದರಲ್ಲಿ 0.86 ಎಂದು ಬರೆದಿದೆ, ಮತ್ತು ಹೋಗಿದೆ ಎಂದಿದ್ದ ನಿಯಂತ್ರಕವೇ ಇಂದಿಗೂ ಅದನ್ನು ಓಡಿಸುತ್ತಿದೆ.